ಪ್ರಶ್ನೆಯ ಸಾಲುಗಳು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಹೇಳದೆ ಹದಿನೈದು ದಿನ ಇದ್ದು ನೋಡಿದೆ, ಆಗಲಿಲ್ಲ. ಹೆಂಡತಿ ಮತ್ತು ಮಗಳು ಇನ್ನು ಮುಂದೆ ನನ್ನನ್ನು ನಂಬಬೇಕೋ ಬೇಡವೋ ಎಂಬಲ್ಲಿಗೆ ಸಂಸಾರವನ್ನು ತಂದು ನಿಲ್ಲಿಸಿದ್ದೇನೆ. ತಂದು ನಿಲ್ಲಿಸಿದವನು ನಾನೇ, ಬೇರೆ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ.

ನಾನು ಪಾಂಡುರಂಗ. ಊರು ಗದಗ. ಅಹಮದಾಬಾದಿನ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಸರ್ವರ್ ಕಾಯುವ ಕೆಲಸ. ಅಲ್ಲಿಯ ವಿಜ್ಞಾನಿಗಳು ನಕ್ಷತ್ರ ನೋಡುತ್ತಾರೆ, ನಾನು ಅವರ ಮೇಲ್ ಹೋಯಿತೋ ಇಲ್ಲವೋ ನೋಡುತ್ತೇನೆ. ನನ್ನ ಕೈಕೆಳಗೆ ಇರುವವರು ಮನುಷ್ಯರಲ್ಲ, ಸಾಫ್ಟ್‌ವೇರ್ ಪ್ಯಾಕೇಜುಗಳು. ಬೈಂಡ್ ಅಂತ ಒಂದಿದೆ, ಯಾವುದೇ ವೆಬ್‌ಸೈಟಿನ ಹೆಸರು ಹೇಳಿದರೆ ಅದು ಯಾವ ನಂಬರಿನ ಯಂತ್ರದಲ್ಲಿದೆ ಎಂದು ಹೇಳುತ್ತದೆ. ಪೋಸ್ಟ್‌ಫಿಕ್ಸ್ ಅಂಚೆ ಹಂಚುತ್ತದೆ. ಸ್ಕ್ವಿಡ್ ಬಾಗಿಲಲ್ಲಿ ಕೂತು ಯಾರು ಯಾವ ಸೈಟಿಗೆ ಹೋದರು ಎಂದು ಬರೆದಿಡುತ್ತದೆ. ಎಲ್ಲ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಪುಕ್ಕಟೆ ಎಂದೇ ಯಾರಿಗೂ ಅವುಗಳ ಕಿಮ್ಮತ್ತಿಲ್ಲ. ನಿಂತರೆ ಮಾತ್ರ ಡೈರೆಕ್ಟರಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ "ಪಾಂಡುಭಾಯ್, ಪಾಂಡುಭಾಯ್" ಎಂದು ಬಡಕೊಳ್ಳುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಆಫೀಸಿನಲ್ಲಿ ಹೆಸರಿದೆ. ಸುಳ್ಳಲ್ಲ.

ಆಫೀಸಿನ ಹುಚ್ಚು ಮನೆಗೂ ಬಂತು. ಚಾಂದ್‌ಖೇಡಾದ ನಮ್ಮ ಫ್ಲ್ಯಾಟಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಪರದೆಯೂ ಇಲ್ಲದ ಒಂದು ಹಳೆಯ ಕಂಪ್ಯೂಟರು ಹಗಲೂ ರಾತ್ರಿ ಗುಂಯ್ಗುಡುತ್ತದೆ. ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ಪ್ಯಾಕೇಜು ಹಾಕಿದ್ದೇನೆ. ಮನೆಯ ವೈಫೈಗೆ ಬರುವ ಪ್ರತಿ ಫೋನಿಗೂ ಒಂದು ನಂಬರು ಕೊಡುವುದು ಅದರ ಒಂದು ಕೆಲಸ. ಆ ಫೋನು ಯಾವ ಸೈಟು ಕೇಳಿದರೂ ವಿಳಾಸ ಹೇಳುವುದು ಇನ್ನೊಂದು. ಯಾವ ಫೋನು, ಎಷ್ಟು ಗಂಟೆಗೆ, ಯಾವ ಹೆಸರು ಕೇಳಿತು ಎಂಬುದನ್ನು ಅದು ಒಂದೊಂದು ಸಾಲಾಗಿ ಬರೆದಿಡುತ್ತದೆ. ಒಳಗೆ ಹೋಗಿ ಏನು ಓದಿದರು ಎಂಬುದು ಕಾಣುವುದಿಲ್ಲ, ಹೆಸರು ಮಾತ್ರ.

ಮಗಳು ಮನಸ್ವಿನಿ ಹತ್ತನೇ ತರಗತಿಗೆ ಬಂದಾಗ ಇದನ್ನು ಕೂಡಿಸಿದೆ. ಜಾಹೀರಾತು ಬರದಂತೆ ಮಾಡಿದ್ದೇನೆ ಎಂದು ಮನೆಯಲ್ಲಿ ಹೇಳಿದ್ದೆ. ಅದೂ ನಿಜವೇ. ಜಾಹೀರಾತಿನ ಸೈಟುಗಳ ಲಕ್ಷಗಟ್ಟಲೆ ಹೆಸರಿನ ಪಟ್ಟಿಯೊಂದನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಅದಕ್ಕೆ ಕಟ್ಟಿದ್ದೆ, ಅವುಗಳಲ್ಲಿ ಯಾವುದನ್ನು ಕೇಳಿದರೂ ಯಂತ್ರ ಸೊನ್ನೆ ಎಂದು ಉತ್ತರಿಸುತ್ತದೆ, ವಿಳಾಸ ಸಿಗದೆ ಅದು ತೆರೆಯುವುದೇ ಇಲ್ಲ. ಆದರೆ ಯಾರು ಏನು ಕೇಳಿದರು ಎಂದು ಬರೆದಿಡುತ್ತದೆ ಎನ್ನುವುದನ್ನು ಹೇಳಲಿಲ್ಲ. ಮನು ಏನು ನೋಡುತ್ತಾಳೆ ಎಂದು ವಾರಕ್ಕೊಮ್ಮೆ ತೆರೆದು ನೋಡುತ್ತಿದ್ದೆ. ತಂದೆಯ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಥೂ, ಕಾಳಜಿಯಂತೆ! ಕದ್ದು ನೋಡುವವನಿಗೆ ಒಂದು ಹೆಸರು ಬೇಕಿತ್ತು, ಅಷ್ಟೇ.

ಮನು ಈಗ ವಡೋದರಾದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಫತೇಗಂಜ್‌ನಲ್ಲಿ ಒಬ್ಬ ಗುಜರಾತಿ ಹೆಂಗಸಿನ ಮನೆಯಲ್ಲಿ ಪೇಯಿಂಗ್ ಗೆಸ್ಟ್. ಶನಿವಾರ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಾಳೆ. ಅವಳು ಹೋದ ಮೇಲೆ ನಾನು ಆ ದಾಖಲೆ ನೋಡುವುದನ್ನು ಹೆಚ್ಚುಕಮ್ಮಿ ಬಿಟ್ಟಿದ್ದೆ.

ಆ ಬುಧವಾರ ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಮನೆಯ ಕಂಪ್ಯೂಟರಿನಿಂದ ನನಗೊಂದು ಮೇಲ್ ಬಂತು. ಡಿಸ್ಕ್ ತುಂಬುತ್ತಿದೆ ಎಂದು. ಹಳೆಯ ದಾಖಲೆ ಅಳಿಸೋಣ ಎಂದು ಆಫೀಸಿನಿಂದಲೇ ಅದರೊಳಗೆ ಲಾಗಿನ್ ಆದೆ. ಹನ್ನೊಂದೂವರೆ ಆಗಿತ್ತು. ಕೊನೆಯ ಸಾಲುಗಳ ಮೇಲೆ ಕಣ್ಣು ಬಿತ್ತು. ಮಗಳ ಫೋನಿಗೆ ನಾನಿಟ್ಟ ಹೆಸರು 'ಮನು-ಫೋನ್', ಅದು ಮನೆಯಲ್ಲಿದೆ. ಈಗಲೇ, ಈ ನಿಮಿಷದಲ್ಲಿ.

ಬುಧವಾರ! ವಡೋದರಾದಲ್ಲಿ ಇರಬೇಕಾದವಳು ಚಾಂದ್‌ಖೇಡಾದಲ್ಲಿ ಏನು ಮಾಡುತ್ತಿದ್ದಾಳೆ?

ಹಿಂದಿನ ದಿನಗಳ ದಾಖಲೆಯನ್ನೂ ತೆರೆದೆ. ಯಂತ್ರ ಪ್ರಶ್ನೆಯ ಸಾಲು ಬೇರೆ, ಉತ್ತರದ ಸಾಲು ಬೇರೆ ಬರೆಯುತ್ತದೆ. ನಾನು ಪ್ರಶ್ನೆಯ ಸಾಲುಗಳನ್ನಷ್ಟೇ ಆರಿಸಿದೆ, ಕೇಳಿದ್ದು ಏನೆಂದು ಗೊತ್ತಾದರೆ ಸಾಕಿತ್ತು. ಮಾರ್ಚ್‌ನಿಂದ ಶುರು. ವಾರದ ದಿನಗಳಲ್ಲಿ, ಹನ್ನೊಂದರಿಂದ ಹನ್ನೆರಡರೊಳಗೆ, ನಾನು ಮನೆಯಲ್ಲಿ ಇಲ್ಲದ ಹೊತ್ತು. ಸೂರತ್‌ನಲ್ಲಿ ಬಾಡಿಗೆ ರೂಮು ತೋರಿಸುವ ಸೈಟು. ರೈಲಿನ ವೇಳೆ ನೋಡುವ ಸೈಟು. ಮತ್ತೆ ಮತ್ತೆ, ಮತ್ತೆ ಮತ್ತೆ, ಮದುವೆ ನೋಂದಣಿಯ ಸರ್ಕಾರಿ ಸೈಟು. ಎಣಿಸಿದೆ. ನಲವತ್ತೊಂದು ಸಲ.

ನನ್ನ ಕಣ್ಣ ಮುಂದೆಯೇ ನಲವತ್ತೆರಡನೆಯದು ಬಂತು. ಎರಡು ನಿಮಿಷ ಬಿಟ್ಟು ನಲವತ್ತಮೂರನೆಯದು.

ಲೆಕ್ಕ ಕೂಡಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮನು ಹೋದ ವರ್ಷ ಭುವನ್ ಎಂಬ ಸಹಪಾಠಿಯ ಹೆಸರು ಹೇಳಿದ್ದಳು, ಅವನ ಅಪ್ಪನಿಗೆ ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರ ಸಾಣೆ ಹಿಡಿಯುವ ಕಾರ್ಖಾನೆ ಇದೆ. ಸೂರತ್, ರೂಮು, ಮದುವೆ ನೋಂದಣಿ. ಆಫೀಸಿಗೆ ಹೊಸದಾಗಿ ಬರುವ ಹುಡುಗರಿಗೆ ನಾನೇ ಪಾಠ ಮಾಡುವವನು: ನಂಬರು ಯಂತ್ರದ್ದು, ಮನುಷ್ಯನದಲ್ಲ, ಗಡಿಬಿಡಿಯಲ್ಲಿ ಯಾರ ಮೇಲೂ ಆರೋಪ ಹೊರಿಸಬೇಡಿ ಎಂದು. ಆ ಪಾಠ ನನ್ನ ತಲೆಗೆ ಆ ಹೊತ್ತು ಹೊಳೆಯಲೇ ಇಲ್ಲ.

ಮನುಗೆ ಫೋನ್ ಮಾಡಿದೆ.

"ಎಲ್ಲಿದ್ದೀ?"

"ಲ್ಯಾಬ್‌ನಲ್ಲಿ, ಪಪ್ಪಾ. ಕ್ಯೂಂ?"

"ಯಾವ ಊರಾಗಿನ ಲ್ಯಾಬು?"

"ವಾಟ್? ವಡೋದರಾ! ಏನಾಯ್ತು?"

ಏನೂ ಇಲ್ಲ ಎಂದು ಇಟ್ಟೆ. ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ ಎಂದು ಮೈಯೆಲ್ಲ ಉರಿಯಿತು. ಹೆಂಡತಿ ನಳಿನಿಗೆ ಮಾಡಿದೆ. ಅವಳು ಮನೆಯಲ್ಲೇ ಇರುತ್ತಾಳೆ.

"ಮನ್ಯಾಗ ಯಾರಿದ್ದಾರ?"

"ಯಾರಿರ್ತಾರ್ರಿ? ನಾನೊಬ್ಬಾಕೀನ," ಅಂದಳು. ದನಿ ಅತ್ತಂತೆ ಇತ್ತು. "ರೀ, ಒಂದ ಮಾತು ಕೇಳೂದಿತ್ತು…"

"ಈಗ ಬ್ಯಾಡ," ಎಂದು ಕತ್ತರಿಸಿದೆ.

ಇಬ್ಬರೂ ಕೂಡಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಊಟದ ಹೊತ್ತಿಗೆ ಸ್ಕೂಟರ್ ಹತ್ತಿ ಮನೆಗೆ ಹೋದೆ. ನಳಿನಿ ಟೇಬಲ್ಲಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದವಳು ನನ್ನನ್ನು ಕಂಡದ್ದೇ ಎಲ್ಲವನ್ನೂ ಬಳಿದು ಒಂದು ಪ್ಲಾಸ್ಟಿಕ್ ಕವರಿಗೆ ತುರುಕಿದಳು. ಕಣ್ಣು ಕೆಂಪಗಿದ್ದವು. ನಾನು ಬೆಡ್‌ರೂಮಿನ ಬಾಗಿಲು ತೆಗೆದೆ, ಬಾತ್‌ರೂಮು ನೋಡಿದೆ, ಬಾಲ್ಕನಿಯಲ್ಲಿ ಒಣಹಾಕಿದ್ದ ಬೆಡ್‌ಶೀಟಿನ ಹಿಂದೆ ಕೂಡ ನೋಡಿದೆ. ಐವತ್ತಮೂರು ವರ್ಷದ ಗಂಡಸು, ಬೆಡ್‌ಶೀಟಿನ ಹಿಂದೆ!

"ಏನ್ ಹುಡಕ್ಲಿಕ್ಕತ್ತೀರಿ?"

"ಒಂದು ಫೈಲು."

"ಫೈಲು ಬಾಲ್ಕನ್ಯಾಗ ಇರ್ತದೇನ್ರಿ?"

ಮಗಳನ್ನು ಮೆಟ್ಟಿಲಿನಿಂದ ಇಳಿಸಿ ಕಳಿಸಿರಬೇಕು, ಅವಳ ಅಳುವೇ ಸಾಕ್ಷಿ ಎಂದುಕೊಂಡೆ. ಎರಡು ಚಪಾತಿ ತಿಂದು ಆಫೀಸಿಗೆ ವಾಪಸು ಹೋದೆ. ಸಂಜೆ ಕೂಡ ಅವಳೊಡನೆ ಮಾತಾಡಲಿಲ್ಲ. ಮಾತಾಡಿದರೆ ಮನುಗೆ ಸುದ್ದಿ ಮುಟ್ಟುತ್ತದೆ, ಹುಡುಗಿ ಎಚ್ಚೆತ್ತುಕೊಳ್ಳುತ್ತಾಳೆ. ಮಗಳು ಕೈತಪ್ಪಿ ಹೋಗುವ ಮುಂಚೆ ಹಿಡಿಯಬೇಕು ಎಂಬುದೊಂದೇ ತಲೆಯಲ್ಲಿ.

ಗುರುವಾರ ರಜೆ ಹಾಕಿ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದೆ. ಫತೇಗಂಜ್ ಮುಟ್ಟಿದಾಗ ಒಂಬತ್ತೂಮುಕ್ಕಾಲು. ಮನೆಯ ಒಡತಿ ಸಾವಿತ್ರಿಬೆನ್ ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದವರು "ಆವೋ, ಭಾಯ್, ಆವೋ" ಎಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ. ನಿಂತೇ, ಮುರುಕು ಗುಜರಾತಿಯಲ್ಲಿ, ನನ್ನ ಮಗಳನ್ನು ನೋಡಲು ಯಾವ ಹುಡುಗ ಬರುತ್ತಾನೆ ಎಂದು ಕೇಳಿಬಿಟ್ಟೆ. ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮನು ತನ್ನ ಗೆಳತಿ ಅರ್ಚಿತಾಳ ಜೊತೆ ಬ್ಯಾಗು ಹಾಕಿಕೊಂಡು ಮೆಟ್ಟಿಲಿಳಿದು ಬಂದಳು.

"ಪಪ್ಪಾ? ನೀವು ಇಲ್ಲಿ? ಮಮ್ಮಿಗೆ ಏನಾದ್ರೂ ಆಯ್ತಾ?"

ಅವಳ ಮೊದಲ ಮಾತು ಅದು. ಅದಾದರೂ ನನ್ನನ್ನು ತಡೆಯಬೇಕಿತ್ತು.

"ನಿನ್ನೆ ಮನೀಗೆ ಯಾಕ ಬಂದಿದ್ದಿ?"

"ಯಾವ ಮನೆ?"

"ನಾಟಕ ಮಾಡಬ್ಯಾಡ. ನಿನ್ನೆ ಹನ್ನೊಂದೂವರಿಗೆ ನೀ ಚಾಂದ್‌ಖೇಡಾದಾಗ ಇದ್ದಿ. ನನ್ನ ಹತ್ರ ಪುರಾವೆ ಅದ."

"ಪಪ್ಪಾ, ನಾನು ಲ್ಯಾಬ್‌ನಲ್ಲಿ ಇದ್ದೆ. ಪೂಛೋ ನಾ, ಅರ್ಚಿತಾಗೆ ಕೇಳಿ."

ಅರ್ಚಿತಾ ಹೆದರಿ ಹೌದು ಹೌದು ಎಂದು ತಲೆಯಾಡಿಸಿದಳು. ಅದನ್ನು ಕಿವಿಗೆ ಹಾಕಿಕೊಳ್ಳುವ ಸ್ಥಿತಿ ನನ್ನದಾಗಿರಲಿಲ್ಲ.

"ಸೂರತ್‌ದಾಗ ಯಾರಿಗೆ ರೂಮ್ ನೋಡ್ಲಿಕ್ಕತ್ತಿ? ಮದುವಿ ನೋಂದಣಿ ಯಾರ ಜೋಡಿ? ಆ ಭುವನ್ ಜೋಡೀನೋ?"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಪಕ್ಕದ ಮನೆಯ ಕಿಟಕಿ ತೆರೆಯಿತು. ನಾನು ಕನ್ನಡದಲ್ಲೇ ಕೂಗುತ್ತಿದ್ದೆ, ಆದರೆ ಕೂಗುವುದಕ್ಕೆ ಭಾಷಾಂತರ ಬೇಕಿಲ್ಲ.

"ಭುವನ್? ಪಪ್ಪಾ, ಅವನ ಎಂಗೇಜ್‌ಮೆಂಟ್ ಜನವರಿಯಲ್ಲಿ ಆಯ್ತು. ನಾನು ಫೋಟೋ ತೋರಿಸಿದ್ದೆ ನಿಮಗೆ. ನೀವು 'ಛಲೋ ಆತು' ಅಂದಿದ್ರಿ."

ನೆನಪಿರಲಿಲ್ಲ. ಸೋಲಲು ಮನಸ್ಸಿಲ್ಲದೆ ಅವಳ ಕೈಯಲ್ಲಿದ್ದ ಫೋನು ಕಸಿದುಕೊಂಡೆ. ಕೆಂಪು ಬಣ್ಣದ್ದು, ಹೊಚ್ಚ ಹೊಸದು. ಹಿಂದೆ ನೋಡಿದ್ದಲ್ಲ.

"ಇದನ್ನ ಯಾರು ಕೊಡಿಸಿದ್ರು?"

"ನಾನೇ. ಸ್ಟೈಪೆಂಡ್ ಬಂತಲ್ಲ, ಫೆಬ್ರವರಿಯಲ್ಲಿ."

"ಹಳೇ ಫೋನು ಎಲ್ಲೆ?"

"ಮಮ್ಮಿ ಹತ್ರ. ಅವಳ ಫೋನಿನ ಸ್ಕ್ರೀನ್ ಒಡೆದು ಹೋಗಿತ್ತಲ್ಲ. ನೀವು ರಿಪೇರಿ ಮಾಡಿಸ್ತೀನಿ, ಮಾಡಿಸ್ತೀನಿ ಅಂತ ಮಾಡಿಸಲೇ ಇಲ್ಲ. ಅದಕ್ಕೆ ನಾನು ಕೊಟ್ಟೆ."

'ಮನು-ಫೋನ್' ಎಂದು ಏಳು ವರ್ಷದ ಹಿಂದೆ ನಾನೇ ಬರೆದ ಹೆಸರು ಆ ಯಂತ್ರಕ್ಕೆ ಅಂಟಿಕೊಂಡಿತ್ತು, ಅದನ್ನು ಹಿಡಿದ ಕೈಗಲ್ಲ. ಮೂರು ತಿಂಗಳಿಂದ ನನ್ನ ಹೆಂಡತಿಯ ಕೈಯಲ್ಲಿ ಬೇರೆ ಫೋನು ಇದೆ, ನಾನು ನೋಡೇ ಇಲ್ಲ. ನೆಲ ಬಿರಿದು ನುಂಗಬಾರದೇ ಎನಿಸಿತು. ಫೋನು ವಾಪಸು ಕೊಟ್ಟೆ.

ಮನು ನನ್ನಂತೆ ಹೆಡ್ಡಿಯಲ್ಲ. "ಒಂದ್ ನಿಮಿಷ," ಅಂದಳು. "ಆ ಫೋನು ಮನೆಯಲ್ಲಿ ಆನ್ ಇತ್ತು ಅಂತ ನಿಮಗೆ ಹೆಂಗೆ ಗೊತ್ತು? ಯಾವ ಸೈಟ್ ಅಂತ ಹೆಂಗೆ ಗೊತ್ತು?"

ನಾನು ಬಾಯಿ ಬಿಡುವ ಮೊದಲೇ ಅವಳೇ ಲೆಕ್ಕ ಕೂಡಿಸಿದಳು.

"ಆ ಚಪ್ಪಲಿ ಸ್ಟ್ಯಾಂಡ್ ಮೇಲಿನ ಕಂಪ್ಯೂಟರ್. ಅಲ್ವಾ? ಕಬ್ ಸೆ, ಪಪ್ಪಾ?"

"ನಿನ್ನ ಟೆಂತ್‌ನಿಂದ," ಅಂದೆ.

"ಎಲ್ಲ ಓದಿದ್ದೀರಾ?"

"ಏ, ಓದ್ಲಿಕ್ಕ ಬರೂದಿಲ್ಲ ಅದು. ಬರೇ ಸೈಟಿನ ಹೆಸರು ಕಾಣ್ತದ, ಒಳಗಿಂದು ಎಲ್ಲಾ ಗೂಢಲಿಪಿ ಇರ್ತದ…"

ಮಗಳು ಅಂಗಳದಲ್ಲಿ ನಿಂತು ಅಳುತ್ತಿದ್ದಾಳೆ, ನಾನು ಅವಳಿಗೆ ತಾಂತ್ರಿಕ ವಿವರಣೆ ಕೊಡುತ್ತಿದ್ದೇನೆ. ನನ್ನ ಜನ್ಮಕ್ಕಿಷ್ಟು! ಸಾವಿತ್ರಿಬೆನ್ ಅವಳ ಹೆಗಲ ಮೇಲೆ ಕೈ ಹಾಕಿ, ನನಗೆ ಬೆನ್ನು ಮಾಡಿ ಒಳಗೆ ಕರೆದುಕೊಂಡು ಹೋದರು. ಬಾಗಿಲ ಬಳಿ ಮನು ತಿರುಗಿ, "ನೀವು ಹೋಗಿ. ಶನಿವಾರ ನಾನು ಬರಲ್ಲ," ಅಂದಳು. ಅರ್ಚಿತಾ ಚಪ್ಪಲಿ ಬಿಟ್ಟು ಅವರ ಹಿಂದೆಯೇ ಹೋದಳು.

ವಾಪಸು ರೈಲಿನಲ್ಲಿ ಕಿಟಕಿಯ ಬದಿ ಸಿಕ್ಕಿತು, ಆದರೆ ಹೊರಗೆ ಏನು ಕಂಡೆನೋ ಗೊತ್ತಿಲ್ಲ. ಮಗಳು ಎಲ್ಲಿಗೂ ಓಡಿಹೋಗಿಲ್ಲ ಎಂಬ ಸಮಾಧಾನ ಆಣಂದ್ ಸ್ಟೇಷನ್ ದಾಟುವವರೆಗೂ ಉಳಿಯಲಿಲ್ಲ. ಹಾಗಾದರೆ ಸೂರತ್ತಿನಲ್ಲಿ ರೂಮು ಹುಡುಕುತ್ತಿರುವವಳು ನಳಿನಿ. ಮದುವೆ ನೋಂದಣಿಯ ಸೈಟಿಗೆ ನಲವತ್ತಮೂರು ಸಲ ಹೋದವಳು ನಳಿನಿ. ಅವಳು ನನ್ನನ್ನು ಬಿಟ್ಟು ಹೋಗಲು ಕಾಗದಪತ್ರ ಮಾಡಿಕೊಳ್ಳುತ್ತಿದ್ದಾಳೆ.

ಇನ್ನೊಂದನ್ನೂ ಹೇಳಿಬಿಡಬೇಕು. ಆರು ವರ್ಷ ಮಗಳ ಸಾಲುಗಳನ್ನು ಕದ್ದು ನೋಡಿದವನು ನಾನು, ಹೆಂಡತಿಯ ಸಾಲನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನಂಬಿಕೆಯಿಂದಲ್ಲ. ಇವಳು ಏನು ಹುಡುಕಿಯಾಳು, ಎಣ್ಣೆಗಾಯಿಗೆ ಶೇಂಗಾ ಎಷ್ಟು ಹಾಕಬೇಕೆಂದು ಹುಡುಕಿಯಾಳು ಎಂದು. ಆ ರೈಲಿನಲ್ಲಿ ಇದು ಹೊಳೆದಾಗ, ಫತೇಗಂಜ್‌ನ ಅಂಗಳದಲ್ಲಿ ಆಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ನಳಿನಿ ಬಾಗಿಲು ತೆಗೆದು ಒಳಗೆ ಹೋದಳು. ಫ್ರಿಜ್ ಮೇಲೆ ಮನುವಿನ ಹಳೇ ಫೋನು ಚಾರ್ಜಿಗೆ ಹಾಕಿತ್ತು. ಬೆನ್ನ ಮೇಲೆ ಹಳದಿ ಬೆಕ್ಕಿನ ಸ್ಟಿಕ್ಕರು.

"ಮನು ಫೋನ್ ಮಾಡಿದ್ಲು," ಅಂದಳು. "ಎಲ್ಲಾ ಹೇಳಿದ್ಲು."

"ಆ ಫೋನು ಯಾಕ ಮುಚ್ಚಿಟ್ಟಿದ್ದಿ?"

"ನಾ ಯಾಕ ಮುಚ್ಚಿಡ್ಲಿ? ಮೂರು ತಿಂಗಳಿಂದ ಅಲ್ಲೇ ಫ್ರಿಜ್ ಮ್ಯಾಲೇ ಅದ. ದಿನಾ ಅದರ ಬಾಜೂನ ನಿಂತು ಚಹಾ ಕುಡೀತೀರಿ."

ಕೂತುಕೊಂಡೆ. ಕೇಳಿಯೇಬಿಟ್ಟೆ. "ನಳಿನಿ, ನನ್ನ ಬಿಟ್ಟು ಹೊಂಟೀಯೇನು?"

ಅವಳಿಗೆ ನಗುವೋ ಅಳುವೋ ತಿಳಿಯದಂತಾಯಿತು. ಒಳಗಿನಿಂದ ಆ ಪ್ಲಾಸ್ಟಿಕ್ ಕವರು ತಂದು ಟೇಬಲ್ಲಿನ ಮೇಲೆ ಸುರಿದಳು. ಮೇಲಿನ ಕಾಗದ ಅವಳ ಬಿಎಸ್ಸಿ ಪ್ರಮಾಣಪತ್ರ. ಹೆಸರು ಸುಶೀಲಾ ಎಂದಿತ್ತು. ಒಂದು ಕ್ಷಣ ಇದು ಯಾರದ್ದು ಎಂದುಕೊಂಡೆ. ನಮ್ಮ ಕಡೆ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ನಮ್ಮ ಚಿಕ್ಕಪ್ಪನ ಹೆಂಡತಿ, ಕಾಕುವಿನ ಹೆಸರೂ ಸುಶೀಲಾ, ಮನೆಯಲ್ಲಿ ಇಬ್ಬರು ಬೇಡ ಎಂದು ಅವ್ವ ಹೇಳಿದ್ದಳು. ನಳಿನಿ ಎಂದು ಅಕ್ಕಿಯಲ್ಲಿ ಬರೆದವನು ನಾನೇ.

"ಸೂರತ್ ಬಾಜೂ ಹಜೀರಾದಾಗ ಅಕ್ಷತಾ ಇದ್ದಾಳಲ್ರಿ, ನನ್ನ ಕಾಲೇಜಿನ ಗೆಳತಿ," ನಳಿನಿ ಹೇಳತೊಡಗಿದಳು. "ಅವರ ಕಂಪನಿ ಕಾಲನ್ಯಾಗಿನ ಶಾಲ್ಯಾಗ ಲ್ಯಾಬ್ ಅಸಿಸ್ಟೆಂಟ್ ಬೇಕಾಗಿತ್ತು. ಫೆಬ್ರವರಿ ಕಡೀಗೆ ಇಂಟರ್ವ್ಯೂಕ ಹೋಗಿ ಬಂದೆ."

"ಸೂರತ್‌ಗೆ? ಯಾವಾಗ?"

"ಬೆಳಿಗ್ಗೆ ನೀವು ಆಫೀಸಿಗೆ ಹೋದ ಕೂಡ್ಲೆ ಹೋದೆ, ರಾತ್ರಿ ಎಂಟಕ್ಕ ಬಂದೆ. ಬಜಾರಕ್ಕ ಹೋಗಿದ್ದೆ ಅಂದೆ. ಇಷ್ಟೊತ್ತು ಏನ್ ಬಜಾರು, ಉಪ್ಪಿಟ್ಟಾದ್ರೂ ಮಾಡು ಅಂದ್ರಿ." ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನನ್ನ ಆರಿಸಿದ್ರು. ಐದು ದಿನ ಅಲ್ಲೆ, ಎರಡು ದಿನ ಇಲ್ಲೆ. ಮನು ಇರ್ತಾಳಲ್ಲ, ಹಂಗ. ಅದಕ್ಕ ಅಲ್ಲೆ ರೂಮ್ ನೋಡ್ತಿದ್ದೆ. ಆದ್ರ ಸರ್ಟಿಫಿಕೇಟಿನಾಗ ಸುಶೀಲಾ, ಆಧಾರ್‌ದಾಗ ನಳಿನಿ. ಇಬ್ಬರೂ ಒಬ್ಬಾಕೀನ ಅಂತ ಮದುವಿ ನೋಂದಣಿ ತೋರಸ್ರಿ ಅಂದ್ರು. ನಮ್ಮ ಮದುವಿ ನೋಂದಣಿ ಯಾವಾಗ ಆಗೇದ? ಅರ್ಜಿ ಹಾಕಿದ ನಂಬರಾದ್ರೂ ಬುಧವಾರ ಸಂಜಿ ಐದರೊಳಗ ಕಳಸ್ರಿ, ಅಲ್ಲೀತನಕ ಕಾಯ್ತೀವಿ ಅಂದಿದ್ರು."

"ಬುಧವಾರ ಅಂದ್ರ ನಿನ್ನೆ."

"ಹೂಂ. ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದೆ. ಮುಂದಿನಾಕಿಗೆ ಕೊಟ್ರಂತ."

ಹೊರಗೆ ಯಾರದೋ ಮನೆಯ ಕುಕ್ಕರು ಸೀಟಿ ಹೊಡೆಯಿತು.

"ನನಗ ಯಾಕ ಹೇಳ್ಲಿಲ್ಲ? ನಾ ಹತ್ತು ನಿಮಿಷದಾಗ ಹಾಕಿ ಕೊಡ್ತಿದ್ದೆ."

"ನೀವು ನಗ್ತಿದ್ರಿ," ಅಂದಳು. "ಮತ್ತ ಅಲ್ಲಿ ಕೆಲಸಾನೂ ಕಂಪ್ಯೂಟರಿನಾಗ ಲ್ಯಾಬ್ ಸಾಮಾನಿನ ಪಟ್ಟಿ ಇಡೂದು. ಒಂದು ಅರ್ಜಿ ತುಂಬಲಿಕ್ಕ ಬರ್ಲಿಲ್ಲಂದ್ರ ಆ ಕೆಲಸ ಹೆಂಗ ಮಾಡ್ಲಿ? ನಾನ ತುಂಬಬೇಕಂತ ಹಟ ಹಿಡದೆ. ಮನೂಗೂ ಕೇಳ್ಲಿಲ್ಲ. ನಿನ್ನೆ ಕಡೀಗೆ ನಿಮಗ ಕೇಳ್ಬೇಕಂದ್ರ ಈಗ ಬ್ಯಾಡ ಅಂದ್ರಿ. ಎಲ್ಲಾ ತುಂಬತಿದ್ದೆ ರೀ. ಕಡೀ ಪುಟದಾಗ ಒಂದು ಚಿತ್ರ ಬರ್ತದಂತ, ಅದರಾಗಿನ ಅಕ್ಷರ ನೋಡಿ ಬರೀಬೇಕಂತ. ನನಗ ಆ ಚಿತ್ರಾನ ಬರೂದಿಲ್ಲ. ಬರೇ ಬಿಳೀ ಚೌಕ. ಮತ್ತ ಮೊದಲಿಂದ ತುಂಬೂದು, ಮತ್ತ ಬಿಳೀ ಚೌಕ. ಹೋಗ್ಲಿ ಬಿಡ್ರಿ. ಆ ಸೈಟಿಗೆ ನನ್ನ ಮ್ಯಾಲೆ ಮನಸ್ಸಿಲ್ಲ."

ಬಿಳೀ ಚೌಕ ಎಂದದ್ದೇ ನನಗೆ ತಿಳಿದುಹೋಯಿತು. ಎದ್ದು ಲ್ಯಾಪ್‌ಟಾಪ್ ತಂದು ಅದೇ ದಾಖಲೆ ತೆರೆದೆ. ಈ ಸಲ ಉತ್ತರದ ಸಾಲುಗಳನ್ನು ನೋಡಿದೆ. ಅಕ್ಷರದ ಚಿತ್ರ ಆ ಸರ್ಕಾರಿ ಸೈಟಿನದಲ್ಲ, ಬೇರೊಂದು ಯಂತ್ರದಿಂದ ಬರುತ್ತದೆ. ಆ ಯಂತ್ರದ ಹೆಸರು ನಾನು ಏಳು ವರ್ಷದ ಹಿಂದೆ ಇಳಿಸಿದ ಜಾಹೀರಾತಿನ ಪಟ್ಟಿಯಲ್ಲಿ ಎಲ್ಲೋ ನಡುವೆ ಸೇರಿಕೊಂಡ ಒಂದು ಸಾಲು. ನಳಿನಿ ಕೇಳಿದಾಗಲೆಲ್ಲ ನನ್ನ ಯಂತ್ರ ಅವಳಿಗೆ ಸೊನ್ನೆ ಎಂದು ಉತ್ತರ ಕೊಟ್ಟಿತ್ತು. ಮಾರ್ಚ್‌ನಲ್ಲಿ ಸೊನ್ನೆ, ಏಪ್ರಿಲ್‌ನಲ್ಲಿ ಸೊನ್ನೆ. ನಿನ್ನೆ ಹನ್ನೊಂದೂವರೆಗೆ, ನಾನು ಆಫೀಸಿನಲ್ಲಿ ಕೂತು ಹಲ್ಲು ಕಡಿಯುತ್ತ ನೋಡುತ್ತಿದ್ದಾಗ, ಎರಡು ಸಲ ಸೊನ್ನೆ. ನನ್ನ ಮಗಳ ಕಳ್ಳತನ ಎಂದು ನಾನು ಎಣಿಸಿದ್ದೆಲ್ಲ ನನ್ನ ಹೆಂಡತಿಯ ಸೋಲುಗಳು. ಒಂದೊಂದು ಸೋಲನ್ನೂ ಕೊಟ್ಟವನು ನಾನು.

ಆ ಹೆಸರನ್ನು ಪಟ್ಟಿಯಿಂದ ಅಳಿಸಿದೆ. ಅರ್ಧ ನಿಮಿಷದ ಕೆಲಸ. ಫ್ರಿಜ್ ಮೇಲಿನ ಫೋನು ತೆಗೆದುಕೊಂಡು ಆ ಪುಟ ತೆರೆದೆ. ನಳಿನಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಬಿಳಿ ಚೌಕದೊಳಗೆ ಐದು ವಕ್ರ ಅಕ್ಷರಗಳು ಮೂಡಿದವು.

"ಅಯ್ಯ! ಬಂತಲ್ರೀ!" ಅಂದಳು. ಮುಖವೆಲ್ಲ ಅರಳಿತು. "ನೀವು ಮುಟ್ಟಿದ ಕೂಡ್ಲೆ ಬಂತು ನೋಡ್ರಿ. ಏನ್ ಮಾಡಿದ್ರಿ?"

ದೇವರಾಣೆ, ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸೈಟು ಕೆಟ್ಟಿತ್ತು, ಈಗ ಸರಿಯಾಗಿದೆ ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ನನ್ನನ್ನು ಹೊಗಳುತ್ತಲೂ ಇದ್ದಳು. ಬೆಳಿಗ್ಗೆ ಬಾಗಿಲಲ್ಲಿ ತಿರುಗಿ ನಿಂತ ಮಗಳ ಮುಖ ಕಣ್ಣಿಗೆ ಕಟ್ಟಿತು. ಆ ಸುಳ್ಳನ್ನು ನುಂಗಿಕೊಂಡೆ.

"ಸೈಟು ಕೆಟ್ಟಿರ್ಲಿಲ್ಲ, ನಳಿನಿ. ನಾನು ತಡದಿದ್ದೆ. ನನ್ನ ಕಂಪ್ಯೂಟರು ಅದನ್ನ ಮನಿಯೊಳಗ ಬಿಡ್ತಿರ್ಲಿಲ್ಲ. ನಿನ್ನ ತಪ್ಪು ಏನೂ ಇರ್ಲಿಲ್ಲ. ಮೊದಲನೇ ದಿನಾನ ನೀ ಎಲ್ಲಾ ಬರೋಬ್ಬರಿ ತುಂಬಿದ್ದಿ."

ಅವಳು ಫೋನು ತೆಗೆದುಕೊಂಡು ಆ ಐದು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಬೈಯಲಿ ಎಂದು ಕಾದೆ. ಕವರು ಮುಖಕ್ಕೆ ಎಸೆಯಲಿ, ಎದ್ದು ಹೋಗಲಿ, ಏನಾದರೂ ಮಾಡಲಿ ಎಂದು ಕಾದೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಮೂರು ತಿಂಗಳು, ರೀ," ಅಂದಳು. "ಮೂರು ತಿಂಗಳು ನನಗ ಬುದ್ಧಿ ಇಲ್ಲ ಅಂತ ತಿಳಕೊಂಡು ಕೂತಿದ್ನಲ್ರೀ."